ಮುದ್ದೆಯ ಮೇಲೆ ಹೊರಿಸಿದ ಸುಳ್ಳು ಆರೋಪ

ತೂಕ ಇಳಿಯಬೇಕಾದರೆ ಮೊದಲು ಮುದ್ದೆ ಬಿಡಿ, ಕಾರ್ಬ್ ಮುಟ್ಟಬೇಡಿ ಎಂಬ ಸಲಹೆ ಲೇಖನವೊಂದರಲ್ಲಿ ಮತ್ತೆ ಅಚ್ಚಾಗಿದೆ. ಮುದ್ದೆ ಉಣ್ಣುವ, ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರಿನವರಿಗೆ ಹೀಗೆ ಹೇಳುವುದು ತಪ್ಪು, ಅನ್ಯಾಯ ಕೂಡ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನ 609 ಜನರನ್ನು ಒಂದು ವರ್ಷ ಗಮನಿಸಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದರು, ಕಾರ್ಬ್ ಕಡಿಮೆ ಮಾಡಿದವರು 6 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ತೂಕ ಇಳಿಸುವುದು ಒಟ್ಟು ಕ್ಯಾಲೊರಿಯ ಕೊರತೆ. ಯಾವುದೋ ಒಂದು ಧಾನ್ಯದ ಬಹಿಷ್ಕಾರವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 11 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಗೆ ಪ್ರೋಟೀನ್ ಸಾಲದು ಎನ್ನುವುದು ನಿಜ, ಆದರೆ ಅದಕ್ಕೆ ಉತ್ತರ ಪಕ್ಕದ ಬಟ್ಟಲಲ್ಲೇ ಇದೆ: ಹುರುಳಿಕಾಳಿನಲ್ಲಿ ನೂರಕ್ಕೆ 22 ಗ್ರಾಂ.

ಕ್ಯಾಲೊರಿ ಲೆಕ್ಕಕ್ಕೆಂದು ಹಳ್ಳಿ ಅಡುಗೆಮನೆಯಲ್ಲಿ ಯಾರು ತಕ್ಕಡಿ ಹಿಡಿಯುತ್ತಾರೆ ಎಂದು ಕೇಳಬಹುದು. ದಿನಾ ಹಿಡಿಯಬೇಕಿಲ್ಲ. ಎಸರಿಗೆ ಸುರಿಯುವ ಮುಂಚೆ ಹಿಟ್ಟನ್ನು ಒಮ್ಮೆ ತೂಗಿ, ಅದೇ ಬಟ್ಟಲನ್ನು ಅಳತೆಯಾಗಿ ಇಟ್ಟುಕೊಂಡರೆ ಸಾಕು. ಬೆಂದ ಮುದ್ದೆಯನ್ನು ತೂಗಿದರೆ ಲೆಕ್ಕ ತಪ್ಪುತ್ತದೆ, ಅದರ ತೂಕದಲ್ಲಿ ಬಹುಪಾಲು ನೀರು. ಎಂಬತ್ತು ಗ್ರಾಂ ಹಿಟ್ಟಿನ ಮುದ್ದೆ ಸುಮಾರು 255 ಕ್ಯಾಲೊರಿ. ಒಗ್ಗರಣೆಗೆ ಕೈತಪ್ಪಿ ಬಿದ್ದ ಎರಡು ದೊಡ್ಡ ಚಮಚ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ. ಆ ಲೇಖನದಲ್ಲಿ ಎಣ್ಣೆಯ ಸುದ್ದಿಯೇ ಇಲ್ಲ! ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಮುದ್ದೆಯ ಗಾತ್ರ ಬದಲಿಸಬೇಕು. ಉಳಿದವರು ಮುದ್ದೆಯನ್ನು ಚಿಕ್ಕದು ಮಾಡಿ, ಸಾರಿಗೆ ಕಾಳು ಹೆಚ್ಚಿಸಲಿ.