ಶಾಲೆಯ ಬಾಗಿಲಿಗೆ ಬಂದ ಲಸಿಕೆ

ಕ್ಯಾನ್ಸರ್ ಎಂಬುದು ಶ್ರೀಮಂತರ ಕಾಯಿಲೆಯೆಂಬ ಮಾತು ಗಿರಣಿಯ ಗೇಟಿನಲ್ಲಿಯೂ ಪೇಟೆಯ ಅಂಗಡಿಗಳಲ್ಲಿಯೂ ಇಂದಿಗೂ ಕೇಳಿಬರುತ್ತದೆ. ಗರ್ಭಕಂಠದ ಕ್ಯಾನ್ಸರಿನ ಮಟ್ಟಿಗಂತೂ ಇದು ಪೂರಾ ಸುಳ್ಳು. 2022ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ 50 ಸಾವಿರ ಹೆಂಗಸರು ಇದರಿಂದ ಸತ್ತರು. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ನಮ್ಮ ದೇಶವೊಂದರಲ್ಲಿಯೇ ಆ ವರ್ಷ ಸತ್ತವರು ಸುಮಾರು 80 ಸಾವಿರ. ಇವರು ಯಾರು? ಕೂಲಿಗೆ ಹೋಗಿ, ಮಕ್ಕಳನ್ನು ಸಾಕಿ, ತಮ್ಮ ನೋವನ್ನು ಹೇಳಿಕೊಳ್ಳಲು ನಾಚಿ, ಕೈಮೀರಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ತಾಯಂದಿರು.

ಈ ಸಾವು ಹಣೆಬರಹವಲ್ಲ. ಎಚ್.ಪಿ.ವಿ. ಎಂಬ ವೈರಾಣುವೇ ಇದರ ಮೂಲವೆಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಂಡು ಹೆಣ್ಣಿನ ಸಂಬಂಧದಿಂದ ಹರಡುವ ಈ ವೈರಾಣು ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಹುಣ್ಣಾಗಿ ಹೆಂಗಸಿನ ಪ್ರಾಣ ತೆಗೆಯಬಲ್ಲದು. ಲಸಿಕೆಯು ಸೋಂಕನ್ನು ತಡೆಯುತ್ತದೆಯೇ ಹೊರತು, ತಗುಲಿದ ಸೋಂಕನ್ನು ವಾಸಿಮಾಡುವುದಿಲ್ಲ. ಆದುದರಿಂದಲೇ 9ರಿಂದ 14 ವಯಸ್ಸಿನ ಹುಡುಗಿಯರಿಗೆ ಅದನ್ನು ಹಾಕುತ್ತಾರೆ. "ಆಡುವ ಹುಡುಗಿಗೆ ಇದೇಕೆ?" ಎಂದು ಕೇಳುವ ತಂದೆಗೆ ನಮ್ಮ ಉತ್ತರ ಇಷ್ಟೇ: ಮನೆಗೆ ಬೀಗ ಹಾಕುವುದು ಕಳ್ಳ ಬರುವ ಮೊದಲು.

ಇನ್ನು ಬೆಲೆಯ ವಿಚಾರ. 2006ರಲ್ಲಿ ಅಮೆರಿಕದಲ್ಲಿ ಈ ಲಸಿಕೆ ಮಾರಾಟಕ್ಕೆ ಬಂದಾಗ ಒಂದು ಸಲದ ಮದ್ದಿಗೆ 120 ಡಾಲರ್. ಮೂರು ಸಲ ಹಾಕಿಸಬೇಕೆಂದರೆ 360 ಡಾಲರ್. ಬಡ ದೇಶಗಳ ಪರವಾಗಿ ಗಾವಿ ಸಂಸ್ಥೆಯು ಸಗಟಾಗಿ ಕೊಳ್ಳಲು ಮುಂದೆ ಬಂದಾಗ, 2013ರಲ್ಲಿ ಅದೇ ಮದ್ದು ನಾಲ್ಕೂವರೆ ಡಾಲರಿಗೆ ಸಿಕ್ಕಿತು! ವ್ಯಾಪಾರ ಬಲ್ಲ ನಮ್ಮ ಅಂಗಡಿಯ ಮಿತ್ರರು ಈ ಲೆಕ್ಕವನ್ನು ತಾವೇ ಹಾಕಿ ನೋಡಲಿ. ಒಬ್ಬೊಬ್ಬರೇ ಕೊಳ್ಳುವಾಗ ಇರದ ಬಲ, ಎಲ್ಲರೂ ಕೂಡಿ ಕೊಳ್ಳುವಾಗ ಬರುತ್ತದೆ.

ಆಫ್ರಿಕದ ಪುಟ್ಟ ದೇಶ ರುವಾಂಡ. 1994ರ ನರಮೇಧದಲ್ಲಿ ನುಚ್ಚುನೂರಾದ ನಾಡು. ಅಲ್ಲಿ 2011ರಲ್ಲಿ ದೇಶದಾದ್ಯಂತ ಆರನೆಯ ತರಗತಿಯ ಹುಡುಗಿಯರಿಗೆ ಶಾಲೆಯಲ್ಲಿಯೇ ಲಸಿಕೆ ಹಾಕಿದರು. ಮೊದಲ ವರ್ಷದಲ್ಲಿಯೇ ನೂರಕ್ಕೆ 93 ಹುಡುಗಿಯರಿಗೆ ಮೂರೂ ಸಲದ ಮದ್ದು ಮುಟ್ಟಿತು. ಮದ್ದು ಮೊದಮೊದಲು ಕಂಪೆನಿಯೊಂದರ ದಾನವಾಗಿತ್ತು, ನಿಜ. ಆದರೆ ಅದನ್ನು ಮಕ್ಕಳಿಗೆ ಮುಟ್ಟಿಸಿದವರು ಉಪಾಧ್ಯಾಯರು, ದಾದಿಯರು ಮತ್ತು ಹಳ್ಳಿಯವರೇ ಆರಿಸಿದ ಆರೋಗ್ಯ ಕಾರ್ಯಕರ್ತರು. ಶಾಲೆಗೆ ಬಾರದ ಹುಡುಗಿಯರನ್ನು ಈ ಕಾರ್ಯಕರ್ತರು ಊರೂರಿನಲ್ಲಿ ಹುಡುಕಿದರು. "ಬಡ ದೇಶಕ್ಕೆ ಇದಕ್ಕಿಂತ ತುರ್ತಾದ ಕೆಲಸಗಳಿಲ್ಲವೆ?" ಎಂದು ಯೂರೋಪಿನ ಕೆಲವು ಪಂಡಿತರು ಆಕ್ಷೇಪಿಸಿದರು. ತಮ್ಮ ಮಕ್ಕಳಿಗೆ ಲಸಿಕೆ ದೊರೆತ ಮೇಲೆ ಬಡವರ ಮಕ್ಕಳಿಗೆ ಕಾಯುವ ಉಪದೇಶ! ರುವಾಂಡ ಆ ಉಪದೇಶವನ್ನು ಕೇಳಲಿಲ್ಲ.

ಆದರೆ ನಮ್ಮ ನೆರೆಯಲ್ಲಿಯೇ ನಡೆದ ಇನ್ನೊಂದು ಕಥೆಯನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಪ್ರಾಯೋಗಿಕವಾಗಿ ಈ ಲಸಿಕೆ ಹಾಕಲಾಯಿತು. ಅವರಲ್ಲಿ ಅನೇಕರು ಗಿರಿಜನರ ಮಕ್ಕಳು, ಹಾಸ್ಟೆಲುಗಳಲ್ಲಿ ಓದುತ್ತಿದ್ದವರು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯರ ಬದಲು ವಾರ್ಡನ್ನರೂ ಹೆಡ್‌ಮಾಸ್ತರರೂ ರುಜು ಹಾಕಿದ್ದರು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು 2010ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ನಡೆಸಿದ ತಜ್ಞರು ಹೇಳಿದರು. ಆದರೂ ಒಪ್ಪಿಗೆಯ ವಿಷಯದಲ್ಲಿ ನಡೆದ ತಪ್ಪನ್ನು 2013ರಲ್ಲಿ ಪಾರ್ಲಿಮೆಂಟಿನ ಸಮಿತಿ ಕಟುವಾಗಿ ಖಂಡಿಸಿತು. ಬಡವನಿಗೆ ಮದ್ದು ಬೇಕು. ಆದರೆ ಅವನನ್ನು ಕೇಳದೆ ಅವನ ಮಗಳ ತೋಳು ಹಿಡಿಯುವ ಅಧಿಕಾರ ಯಾರಿಗೂ ಇಲ್ಲ. ಅಂದು ಮುರಿದ ನಂಬಿಕೆಯ ಬೆಲೆಯನ್ನು ಆಮೇಲೆ ಲಸಿಕೆ ಸಿಗದೆ ಬೆಳೆದ ಹುಡುಗಿಯರೇ ತೆತ್ತರು.

ಕೇಳಿ, ಮಾಡಿದರೆ ಕೆಲಸ ಕೆಡುವುದಿಲ್ಲವೆಂಬುದಕ್ಕೆ ಸಿಕ್ಕಿಂ ಸಾಕ್ಷಿ. 2018ರಲ್ಲಿ ಅಲ್ಲಿ ಶಾಲೆಗಳ ಮೂಲಕ ನಡೆದ ಲಸಿಕೆ ನೂರಕ್ಕೆ 90ಕ್ಕಿಂತ ಹೆಚ್ಚು ಹುಡುಗಿಯರಿಗೆ ಮುಟ್ಟಿತು. ಕೆಲಸ ಈಗ ಇನ್ನೂ ಹಗುರವಾಗಿದೆ. 2010ರ ತಡೆಯಿಂದ ನಮ್ಮ ದೇಶದ ಮತ್ತೊಂದು ಅಧ್ಯಯನವೂ ನಡುವೆಯೇ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಸಲದ ಮದ್ದು ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದ ವೈದ್ಯರು, ಒಂದು ಸಲದ ಮದ್ದೂ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಕೊಟ್ಟಿತೆಂದು ಕಂಡರು. ಇಂಥ ಸಾಕ್ಷ್ಯಗಳ ಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಲ ಹಾಕಿದರೂ ಸಾಕೆಂದು ಒಪ್ಪಿತು. ಇದರಿಂದ ಖರ್ಚೂ ಇಳಿಯಿತು, ಓಡಾಟವೂ ಇಳಿಯಿತು.

ಹೀಗಿರುವಾಗ ಯಾವ ಸರ್ಕಾರವೇ ಆಗಲಿ, ನಾವು ಕೇಳುವುದು ಮೂರು. ಲಸಿಕೆ ಪುಕ್ಕಟೆಯಾಗಿ ಶಾಲೆಯಲ್ಲಿಯೇ ಸಿಗಬೇಕು. ತಂದೆತಾಯಿಯರಿಗೆ ಅರ್ಥವಾಗುವ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೀಡಿ ಸುತ್ತುತ್ತ, ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಕುಳಿತ ಹುಡುಗಿಯ ಬಾಗಿಲಿಗೂ ಅದು ಹೋಗಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೇ ಅದರ ಅಗತ್ಯ ಹೆಚ್ಚು.

ಓದುಗರಿಗೂ ಒಂದು ಮಾತು. ಲಸಿಕೆ ಮಗಳಿಗಾಯಿತು, ಅವಳ ತಾಯಿಯ ಪಾಡೇನು? ಮೂವತ್ತು ದಾಟಿದ ಹೆಂಗಸರು ನೋವಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲಿಗೇ ಕಂಡರೆ ಇದು ವಾಸಿಯಾಗುವ ರೋಗ. ಆ ಒಂದು ದಿನ ಗಂಡಸರು ಒಲೆಯ ಮುಂದೆ ಕುಳಿತು, ಮನೆಯಾಕೆಯನ್ನು ಆಸ್ಪತ್ರೆಗೆ ಕಳಿಸಲಿ.