ಬಂಡಿ ಹಿಗ್ಗಿತು, ತೊಟ್ಟಿ ಕುಗ್ಗಿತು

ಅಮೆರಿಕದಲ್ಲಿ ದಶಕಗಳಿಂದ ಅತಿ ಹೆಚ್ಚು ಮಾರಾಟವಾಗುತ್ತಿರುವುದು ಫೋರ್ಡ್ ಕಂಪನಿಯ ‘ಎಫ್’ ಸರಣಿಯ ಪಿಕಪ್. ಅದರಲ್ಲಿ ಇಂದು ಸಾಮಾನ್ಯವಾಗಿ ಕಾಣುವ ನಾಲ್ಕು ಬಾಗಿಲಿನ ಎಫ್-150 ಮಾದರಿಯ ಉದ್ದ 19 ಅಡಿಗೂ ಹೆಚ್ಚು; ಸರಕು ಹೇರುವ ತೊಟ್ಟಿಗೆ ದಕ್ಕಿರುವುದು ಐದೂವರೆ ಅಡಿ. ಜಪಾನಿನ ರೈತರು ಬಳಸುವ ‘ಕೇ’ ವರ್ಗದ ಪುಟ್ಟ ಟ್ರಕ್ಕಿನ ಒಟ್ಟು ಉದ್ದವೇ 3.4 ಮೀಟರ್, ಅಂದರೆ ಸುಮಾರು 11 ಅಡಿ. ಆದರೂ ಅದರ ತೊಟ್ಟಿ ಆರು ಅಡಿಗೆ ಮಿಗಿಲು. ಅದು ಹೊರುವುದು 350 ಕಿಲೋ ಮಾತ್ರ, ನಿಜ. ಹುಲ್ಲಿನ ಹೊರೆ, ತರಕಾರಿ ಬುಟ್ಟಿ, ನಾಲ್ಕಾರು ಗೊಬ್ಬರದ ಚೀಲಗಳಿಗೆ ಅಷ್ಟು ಸಾಕು.

ಎರಡು ಆಸನ, ಒಂದು ತೊಟ್ಟಿ, ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದಾದ ಎಂಜಿನ್: ಇಂತಹ ಸರಳ ವಾಹನ ಅಮೆರಿಕದಲ್ಲಿ ಅಪರೂಪವಾದುದಕ್ಕೆ ಜನರ ಭೋಗಾಸಕ್ತಿಯೊಂದೇ ಕಾರಣವೆನ್ನುವುದು ಅರ್ಧಸತ್ಯ. ಕಾನೂನಿನ ಪಾಲೂ ಇದೆ.

ಮೊದಲನೆಯದು ಕೋಳಿಯ ಕಥೆ. ಯುರೋಪಿನ ದೇಶಗಳು ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಸುಂಕ ಹೇರಿದವು. ಪ್ರತೀಕಾರವಾಗಿ 1964ರಿಂದ ಅಮೆರಿಕ ಬ್ರಾಂಡಿ, ಪಿಷ್ಟ ಮುಂತಾದವುಗಳೊಡನೆ ವಿದೇಶಿ ಪಿಕಪ್‌ಗಳಿಗೂ ಶೇ. 25ರಷ್ಟು ಸುಂಕ ವಿಧಿಸಿತು. ಎಲ್ಲಿಯ ಕೋಳಿ, ಎಲ್ಲಿಯ ಪಿಕಪ್! ಬ್ರಾಂಡಿಯ ಸುಂಕ ಮುಂದೆ ಹೋಯಿತು, ಪಿಕಪ್ಪಿನದು ಉಳಿಯಿತು. ಅಗ್ಗದ ಸಣ್ಣ ವಾಹನಗಳ ಪೈಪೋಟಿಯಿಂದ ಅಲ್ಲಿನ ತಯಾರಕರಿಗೆ ದೊರೆತ ರಕ್ಷಣೆಯೂ ಉಳಿಯಿತು.

ಪರಿಸರಾಸಕ್ತರು ಹೆಚ್ಚು ಗಮನಿಸಬೇಕಾದುದು ಎರಡನೆಯದನ್ನು, ಏಕೆಂದರೆ ಅದು ಇಂಧನ ಉಳಿಸಲೆಂದೇ ಹುಟ್ಟಿದ ಕಾನೂನು. 1973ರ ತೈಲ ಬಿಕ್ಕಟ್ಟಿನ ಬಳಿಕ, 1975ರಲ್ಲಿ, ಪ್ರತಿ ಕಂಪನಿಯ ವಾಹನಗಳು ಸರಾಸರಿ ಇಷ್ಟು ಮೈಲೇಜು ಕೊಡಲೇಬೇಕೆಂಬ ವ್ಯವಸ್ಥೆ ರೂಪುಗೊಂಡಿತು. ಮುಂದೆ ಅಳತೆಗೋಲು ಬದಲಾಯಿತು. 2011ರ ಮಾದರಿಗಳಿಂದ ಗುರಿಯನ್ನು ನಿರ್ಧರಿಸುವುದು ನಾಲ್ಕು ಚಕ್ರಗಳ ನಡುವಿನ ನೆಲದ ವಿಸ್ತೀರ್ಣ. ಚೌಕ ದೊಡ್ಡದಾದಷ್ಟೂ ಗುರಿ ಸಡಿಲ. ಸಣ್ಣ ಪಿಕಪ್ಪಿಗೆ ಗುರಿ ಬಿಗಿ. ಎಂಜಿನ್ನನ್ನು ಸುಧಾರಿಸುವುದಕ್ಕಿಂತ ಚಕ್ರಗಳನ್ನು ದೂರ ಸರಿಸುವುದು ಸುಲಭ, ಲಾಭವೂ ಅದರಲ್ಲೇ ಹೆಚ್ಚು. 2025ರಲ್ಲಿ ಗುರಿ ತಪ್ಪಿದವರು ತೆರಬೇಕಾದ ದಂಡವನ್ನೇ ಸೊನ್ನೆಗಿಳಿಸಲಾಯಿತು. ಇದು ತಕ್ಕಡಿ ತಿದ್ದುವ ಬದಲು ತೂಕದ ಕಲ್ಲನ್ನೇ ಎಸೆದಂತೆ.

ಫೋರ್ಡ್ ರೇಂಜರ್ ಎಂಬ ಸಣ್ಣ ಪಿಕಪ್ಪನ್ನು ತಯಾರಿಸುತ್ತಿದ್ದ ಮಿನ್ನೆಸೋಟದ ಕಾರ್ಖಾನೆ 2011ರ ಡಿಸೆಂಬರಿನಲ್ಲಿ ಮುಚ್ಚಿತು. 2019ರಲ್ಲಿ ಹೆಸರು ಮರಳಿತು, ಮೈ ಮಾತ್ರ ಹಿಗ್ಗಿತ್ತು. ಈಗ ಅಲ್ಲಿನ ಅನೇಕ ಸಣ್ಣ ರೈತರು ಜಪಾನಿನ ಹಳೆಯ ಕೇ ಟ್ರಕ್‌ಗಳನ್ನು ತರಿಸಿಕೊಳ್ಳುತ್ತಾರೆ. 25 ವರ್ಷ ದಾಟಿದ ವಾಹನಕ್ಕೆ ಮಾತ್ರ ಸುರಕ್ಷತಾ ನಿಯಮಗಳಿಂದ ವಿನಾಯಿತಿ, ಹೊಸದನ್ನು ತರುವಂತಿಲ್ಲ! ಕೆಲವು ರಾಜ್ಯಗಳು ಇವುಗಳಿಗೆ ರಸ್ತೆ ನೋಂದಣಿಯನ್ನೇ ನಿರಾಕರಿಸಿದವು. ಟೆಕ್ಸಾಸ್ 2024ರಲ್ಲಿ ಮಣಿಯಿತು.

ಭಾರತದಲ್ಲಿ 2005ರಲ್ಲಿ ಬಂದ ಟಾಟಾ ಏಸ್, ಎರಡು ಸಿಲಿಂಡರಿನ ಎಂಜಿನ್ನಿನಿಂದಲೇ ಮುಕ್ಕಾಲು ಟನ್ ಹೊರುತ್ತ, ದೊಡ್ಡ ಲಾರಿ ತಿರುಗಲಾರದ ಓಣಿಗಳನ್ನು ಹೊಕ್ಕಿತು. ಆದರೆ ಇಲ್ಲಿನ ಕಾರುಗಳ ಇಂಧನ ಮಾನದಂಡ ತೂಕವನ್ನು ಆಧರಿಸಿದೆ: ಭಾರ ಹೆಚ್ಚಿದಷ್ಟೂ ರಿಯಾಯಿತಿ. ಸರಕು ವಾಹನಗಳ ಅಳತೆಗೋಲಿಗೂ ಇದೇ ದೋಷ ಅಂಟದಂತೆ ಬೆಟ್ಟದ ಹಳ್ಳಿಗಳು ಈಗಲೇ ದನಿಯೆತ್ತಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಎಷ್ಟು ಮೂಟೆ ಎಷ್ಟು ದೂರ ಸಾಗಿತು ಎಂಬುದನ್ನು ಅಳೆಯುವುದು ಅಷ್ಟೇನೂ ಕಷ್ಟದ ಗಣಿತವಲ್ಲ.