ಮಕ್ಕಳ ಮನಸ್ಸಿಗೆ ಮಂಗಳವಾರವೊಂದೇ ಸಾಕೇ?

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಹೊರಗಿನ ತಜ್ಞರ ಜತೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು ಎಂದೂ ಅದರಲ್ಲಿದೆ. ನಮ್ಮ ಹಳ್ಳಿಗಳ ಸಣ್ಣ ಸರ್ಕಾರಿ ಶಾಲೆಗಳೆಲ್ಲ ಬರುವುದು ಈ ಎರಡನೇ ಪಟ್ಟಿಗೆ. ಆ ಹೊರಗಿನ ತಜ್ಞರು ಎಲ್ಲಿದ್ದಾರೆ?

ದಾರಿ ಗೊತ್ತಿಲ್ಲದ ರಾಜ್ಯವೇನಲ್ಲ ನಮ್ಮದು. ಮಾನಸಿಕ ಕಾಯಿಲೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಆಮೇಲೆ ಬಂದ ‘ಮನೋಚೈತನ್ಯ’ದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ರೋಗಿಗೆ ಇದು ದೊಡ್ಡ ಆಸರೆ. ಬಸ್ ಚಾರ್ಜೂ ಉಳಿಯುತ್ತದೆ, ಅರ್ಧ ದಿನದ ಕೂಲಿಯೂ ಉಳಿಯುತ್ತದೆ. ಆದರೆ ಇದನ್ನೆಲ್ಲ ಕಟ್ಟಿದ್ದು ದೊಡ್ಡವರ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮಕ್ಕಳ ಸಂಕಟ ಹೊಟ್ಟೆನೋವಾಗಿ, ತಲೆನೋವಾಗಿ, ಸ್ಕೂಲಿಗೆ ಹೋಗಲ್ಲ ಎಂಬ ಹಠವಾಗಿ ಹೊರಬೀಳುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಸಾಲ ಮಾಡಿ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಒಂದು ಕಡೆ ಕೂರಲಾಗದ ಹುಡುಗನಿಗೆ ಏಟು ಬೀಳುತ್ತದೆ. ತರಗತಿಯಲ್ಲಿ ಪದೇಪದೇ ಪ್ರಜ್ಞೆ ತಪ್ಪುವ ಹುಡುಗಿಗೆ ಏನೋ ಮೆಟ್ಟಿಕೊಂಡಿದೆ ಎಂದು ಓದು ಬಿಡಿಸುತ್ತಾರೆ. ಇಂಥ ಮಗುವಿನ ಜತೆ ಬಿಡುವಾಗಿ ಕೂತು ಮಾತಾಡಬೇಕು, ತಾಯಿಯನ್ನು ಬೇರೆಯಾಗಿ ಕೇಳಬೇಕು, ಮೇಷ್ಟ್ರು ಕಂಡದ್ದೇನು ಎಂದು ತಿಳಿಯಬೇಕು. ಮಂಗಳವಾರದ ಸರದಿ ಸಾಲಿನಲ್ಲಿ ಅಷ್ಟು ಹೊತ್ತು ಯಾವ ವೈದ್ಯರಿಗೂ ಸಿಗದು. ಅದು ಶಾಲೆಯ ದಿನ ಕೂಡ.

13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ನೂರು ಮಕ್ಕಳ ಹೈಸ್ಕೂಲಿನಲ್ಲಿ ಏಳು ಮಕ್ಕಳು. ಎನ್‌ಸಿಆರ್‌ಬಿ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಎಲ್ಲರೂ ಧೈರ್ಯ ಹೇಳುತ್ತೇವೆ. ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಆ ಕಾಳಜಿ ಉಳಿದಿರುವುದಿಲ್ಲ.

ಟೆಲಿ ಮನಸ್ (14416) ಸಹಾಯವಾಣಿ ಇದೆ, ಉಚಿತ, ಕನ್ನಡದಲ್ಲೂ ಸಿಗುತ್ತದೆ. ಅದು ಬೇಕೇ ಬೇಕು. ಆದರೆ ಮನೆಗೊಂದೇ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿರುವ ಕಡೆ, ಅಪ್ಪನಿಂದಲೇ ನೊಂದ ಮಗು ಯಾರಿಗೆ ಕರೆ ಮಾಡಬೇಕು? ಹದಿಹರೆಯದವರಿಗೆಂದೇ ‘ಸ್ನೇಹಾ ಕ್ಲಿನಿಕ್’ಗಳೂ ಇವೆ. ಆದರೆ ಆಸ್ಪತ್ರೆಯ ಬಾಗಿಲಿಗೆ ಮಗು ತಾನೇ ಬರಲಿ ಎಂದು ಕಾಯುವ ಕ್ಲಿನಿಕ್ ಎಷ್ಟು ಮಕ್ಕಳನ್ನು ಕಾಣಬಲ್ಲದು?

ಹಾಗಾದರೆ ಮೇಷ್ಟ್ರಿಗೇ ಎರಡು ದಿನ ತರಬೇತಿ ಕೊಟ್ಟುಬಿಡೋಣ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಒಪ್ಪಲಾಗದು. ಬಿಸಿಯೂಟ, ಮೊಟ್ಟೆ, ಗಣತಿ, ಚುನಾವಣೆ ಎಲ್ಲವನ್ನೂ ಹೊತ್ತವರ ಮೇಲೆ ಇದನ್ನೂ ಹೊರಿಸುವುದು ಅನ್ಯಾಯ. ಅಂಕ ಕೊಡುವವರ ಮುಂದೆ ಮಗು ಮನಸ್ಸು ಬಿಚ್ಚುವುದೂ ಕಷ್ಟ. ಮಗು ಬದಲಾಗಿರುವುದನ್ನು ಮೊದಲು ಗಮನಿಸುವವರು ಮೇಷ್ಟ್ರೇ. ಗಮನಿಸಿ ಕಳಿಸುವಷ್ಟು ಅವರಿಗೆ ಕಲಿಸಿದರೆ ಸಾಕು. ಕಳಿಸಲು ಒಬ್ಬರು ಬೇಕು.

ತಾಲ್ಲೂಕಿಗೆ ಒಬ್ಬರಂತೆ, ಮಕ್ಕಳಿಗಾಗಿಯೇ, ಕಾಯಂ ಹುದ್ದೆಯ ಆಪ್ತಸಮಾಲೋಚಕರನ್ನು ನೇಮಿಸಿ, ಅವರೇ ಸರದಿಯಂತೆ ಶಾಲೆಗಳಿಗೆ ಹೋಗಲಿ. ಔಷಧಿ ಬೇಕಾದ ಮಕ್ಕಳನ್ನಷ್ಟೇ ಮಂಗಳವಾರದ ವೈದ್ಯರ ಬಳಿ ಕಳಿಸಲಿ. ಗುತ್ತಿಗೆಯವರು ಬೇಡ, ಮಗು ನಂಬಿಕೆಯಿಟ್ಟು ಮಾತಾಡಲು ಶುರುಮಾಡುವ ಹೊತ್ತಿಗೆ ಅವರ ಅವಧಿ ಮುಗಿದಿರುತ್ತದೆ. ಇವರ ಸಂಬಳ ಶಿಕ್ಷಣ ಇಲಾಖೆಯದೋ ಆರೋಗ್ಯ ಇಲಾಖೆಯದೋ ಎಂಬುದನ್ನು ಸರ್ಕಾರ ಮುಂದಿನ ಬಜೆಟ್‌ಗೆ ಮುಂಚೆ ತೀರ್ಮಾನಿಸಲಿ.